ಸೂಜಿ ಚಿಕಿತ್ಸೆ: ಯಾವ ನೋವಿಗೆ ಉಪಯೋಗ, ಯಾವುದಕ್ಕೆ ಇಲ್ಲ

ಅಕ್ಯುಪಂಕ್ಚರ್ ಎಂಬ ಹೆಸರು ಈಗ ನಮ್ಮ ಕಡೆಯ ಊರುಗಳಲ್ಲೂ ಕೇಳಿಬರುತ್ತಿದೆ. ಸಿಂಧನೂರು, ಗಂಗಾವತಿ, ಸಿರುಗುಪ್ಪದಂಥ ಪಟ್ಟಣಗಳಲ್ಲಿ ಸೂಜಿ ಚಿಕಿತ್ಸೆಯ ಕರಪತ್ರಗಳು ಕೈಗೆ ಸಿಗುತ್ತವೆ, ವಾಟ್ಸಾಪ್‌ನಲ್ಲೂ ಓಡಾಡುತ್ತವೆ. ಮೊಣಕಾಲು ನೋವಿನಿಂದ ಹಿಡಿದು ಶುಗರ್, ಬಿಪಿ, ಲಕ್ವ, ಮಕ್ಕಳಾಗದ ತೊಂದರೆವರೆಗೆ ಉದ್ದ ಪಟ್ಟಿ ಇರುತ್ತದೆ. ಗುಳಿಗೆ ಬೇಡ, ಆಪರೇಷನ್ ಬೇಡ ಎಂಬ ಸಾಲು ದಪ್ಪ ಅಕ್ಷರದಲ್ಲಿರುತ್ತದೆ. ಓದಿದವರು ಕೇಳುವುದು ಒಂದೇ: ಇದು ನಿಜವಾಗ್ಲೂ ಕೆಲಸ ಮಾಡುತ್ತದಾ?

ಕೆಲವು ನೋವುಗಳಿಗೆ ಒಂದು ಮಟ್ಟಿಗೆ ಮಾಡುತ್ತದೆ. ಆ ಪಟ್ಟಿಯಲ್ಲಿರುವ ಬಹಳಷ್ಟು ಕಾಯಿಲೆಗಳಿಗೆ ಮಾಡುವುದಿಲ್ಲ. ನಡುವಿನ ಗೆರೆ ಎಲ್ಲಿದೆ ಎಂದು ಗೊತ್ತಿದ್ದರೆ ದುಡ್ಡು ಉಳಿಯುತ್ತದೆ, ಕೆಲವೊಮ್ಮೆ ಜೀವವೂ ಉಳಿಯುತ್ತದೆ.

ಕೊಪ್ಪಳ, ರಾಯಚೂರು, ಬಳ್ಳಾರಿ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಈ ಮಾತಿಗೆ ತೂಕ ಜಾಸ್ತಿ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಭತ್ತದ ನಾಟಿ ಎಂದರೆ ಹೆಣ್ಣುಮಕ್ಕಳು ದಿನವಿಡೀ ಕೆಸರಿನಲ್ಲಿ ಬಗ್ಗಿ ನಿಲ್ಲಬೇಕು. ರಾಯಚೂರು ಕಡೆ ಹತ್ತಿ ಬಿಡಿಸುವವರು, ಅಕ್ಕಿ ಗಿರಣಿಯ ಹಮಾಲರು, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರು, ಎಲ್ಲರಿಗೂ ಬೆನ್ನು, ಕತ್ತು, ಮೊಣಕಾಲಿನ ನೋವು ಇದ್ದದ್ದೇ. ಹೆಚ್ಚಿನವರು ಮೆಡಿಕಲ್ ಶಾಪಿಗೆ ಹೋಗಿ ಒಂದು ನೋವಿನ ಗುಳಿಗೆ ಕೇಳಿ ನುಂಗುತ್ತಾರೆ. ಡೈಕ್ಲೊಫೆನಾಕ್ ಥರದ ಗುಳಿಗೆಗಳನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಕಿಡ್ನಿಗೆ ಪೆಟ್ಟು ಬೀಳಬಹುದು. ಹಾಗಾಗಿ ಗುಳಿಗೆ ಇಲ್ಲದೆ ನೋವು ಕಡಿಮೆಯಾಗುವ ದಾರಿ ಹುಡುಕುವುದು ಮೂಢತನ ಅಲ್ಲ. ಅದು ನ್ಯಾಯವಾದ ಆಸೆ. ಆ ಆಸೆಯನ್ನು ಯಾರೂ ದುರುಪಯೋಗ ಮಾಡಿಕೊಳ್ಳಬಾರದು ಅಷ್ಟೇ.

ಸೂಜಿ ಹಾಕುವಾಗ ಏನಾಗುತ್ತದೆ

ಇಂಜೆಕ್ಷನ್ ಸೂಜಿ ಒಳಗೆ ಟೊಳ್ಳಾಗಿರುತ್ತದೆ, ಅದರ ಮೂಲಕ ಔಷಧಿ ಹೋಗುತ್ತದೆ. ಅಕ್ಯುಪಂಕ್ಚರ್ ಸೂಜಿ ಗಟ್ಟಿ ಸ್ಟೀಲಿನದು, ಅದರಿಂದ ಏನೂ ಒಳಗೆ ಹೋಗುವುದಿಲ್ಲ. ರಕ್ತ ತೆಗೆಯುವ ಸೂಜಿ ಸುಮಾರು 0.7ರಿಂದ 0.8 ಮಿಲಿಮೀಟರ್ ದಪ್ಪ ಇದ್ದರೆ, ಇದು ಸಾಮಾನ್ಯವಾಗಿ 0.2ರಿಂದ 0.3 ಮಿಲಿಮೀಟರ್. ಸಣ್ಣ ಪ್ಲಾಸ್ಟಿಕ್ ಕೊಳವೆಯೊಳಗೆ ಸೂಜಿ ಇಟ್ಟು, ಮೇಲಿನಿಂದ ಬೆರಳಲ್ಲಿ ತಟ್ಟಿ ಚರ್ಮದೊಳಗೆ ಇಳಿಸುತ್ತಾರೆ. ಎಷ್ಟು ಆಳ ಎಂಬುದು ಜಾಗದ ಮೇಲೆ ನಿಂತಿದೆ. ಕಿವಿಯ ಮೇಲಾದರೆ ಒಂದೆರಡು ಮಿಲಿಮೀಟರ್ ಸಾಕು, ತೊಡೆ ಅಥವಾ ಸೊಂಟದ ಮಾಂಸಖಂಡದಲ್ಲಾದರೆ ಇನ್ನೂ ಆಳ.

ಚುಚ್ಚುವಾಗ ಕ್ಷಣ ಚುರ್ ಅನ್ನುತ್ತದೆ. ಆಮೇಲೆ ಸೂಜಿಯನ್ನು ನಿಧಾನಕ್ಕೆ ತಿರುವಿದಾಗ ಆ ಜಾಗ ಭಾರವಾಗುವುದು, ಜುಂ ಅನ್ನುವುದು, ಒಳಗೊಳಗೇ ಮಂದವಾಗಿ ನೋಯುವುದು ಆಗುತ್ತದೆ. ಚೀನೀ ವೈದ್ಯರು ಇದನ್ನು ಡೆ-ಚಿ ಎನ್ನುತ್ತಾರೆ, ಸೂಜಿ ಸರಿಯಾದ ಜಾಗಕ್ಕೆ ಬಿದ್ದಿದೆ ಎಂಬುದಕ್ಕೆ ಅದೇ ಗುರುತು ಎಂದು ನಂಬುತ್ತಾರೆ. 20ರಿಂದ 30 ನಿಮಿಷ ಸೂಜಿಗಳನ್ನು ಹಾಗೇ ಬಿಟ್ಟು ತೆಗೆಯುತ್ತಾರೆ. ಇದು ಒಂದು ಸಲ. ಇಂಥ ಎಂಟು, ಹತ್ತು ಸಲ ವಾರಕ್ಕೆ ಒಂದೋ ಎರಡೋ ಲೆಕ್ಕದಲ್ಲಿ ನಡೆಯುತ್ತದೆ.

ಕೆಲವರು ಸೂಜಿಗಳಿಗೆ ಸಣ್ಣ ಬ್ಯಾಟರಿ ಯಂತ್ರದ ವೈರು ಸಿಕ್ಕಿಸಿ ತೀರಾ ಕಡಿಮೆ ಕರೆಂಟು ಹರಿಸುತ್ತಾರೆ. ಇದು ಎಲೆಕ್ಟ್ರೋ ಅಕ್ಯುಪಂಕ್ಚರ್. ಕೆಲವರು ಒಣ ಎಲೆಯ ಪುಡಿ ಉರಿಸಿ ಆ ಬಿಂದುಗಳಿಗೆ ಕಾವು ಕೊಡುತ್ತಾರೆ, ಅದಕ್ಕೆ ಮಾಕ್ಸಾ ಎನ್ನುತ್ತಾರೆ. ಆ ಗಿಡ ನಾವು ದೇವರಿಗೆ ಏರಿಸುವ ದವನದ ಕುಲದ್ದೇ. ಸೂಜಿ ಇಲ್ಲದೆ ಬೆರಳಲ್ಲಿ ಒತ್ತಿದರೆ ಅದು ಅಕ್ಯುಪ್ರೆಶರ್. ಜಾತ್ರೆಯಲ್ಲಿ ಮಾರುವ ಮುಳ್ಳಿನ ಚಪ್ಪಲಿ, ಮರದ ರೋಲರ್ ಎಲ್ಲ ಆ ಲೆಕ್ಕಕ್ಕೆ ಬರುತ್ತವೆ. ಫಿಸಿಯೋಥೆರಪಿಯವರು ಮಾಡುವ ಡ್ರೈ ನೀಡ್ಲಿಂಗ್‌ನಲ್ಲಿ ಸೂಜಿ ಇದೇ ಥರದ್ದು. ಆದರೆ ಅವರು ಚೀನೀ ಬಿಂದುಗಳನ್ನು ನೋಡುವುದಿಲ್ಲ, ಬಿಗಿದುಕೊಂಡ ಮಾಂಸಖಂಡದ ಗಂಟನ್ನು ಹುಡುಕಿ ಅಲ್ಲಿಗೆ ಹಾಕುತ್ತಾರೆ.

ಚೀನೀಯರು ದೇಹವನ್ನು ನೋಡಿದ ಬಗೆ

ಈ ಪದ್ಧತಿಯ ಮೂಲ ಗ್ರಂಥ ಹುವಾಂಗ್ ಡಿ ನೇಜಿಂಗ್. ಅದು ರೂಪುಗೊಂಡು ಸುಮಾರು 2000 ವರ್ಷವಾಗಿದೆ. ಅದರ ಪ್ರಕಾರ ದೇಹದೊಳಗೆ ಚಿ ಎಂಬ ಶಕ್ತಿ ಹರಿಯುತ್ತಿರುತ್ತದೆ. ಅದು ಹರಿಯುವ ದಾರಿಗಳಿಗೆ ಮೆರಿಡಿಯನ್ ಎನ್ನುತ್ತಾರೆ. ಮುಖ್ಯ ದಾರಿಗಳು 12. ಆ ಗ್ರಂಥವೇ ಈ 12 ದಾರಿಗಳನ್ನು ಚೀನಾದ ನದಿಗಳಿಗೆ ಹೋಲಿಸುತ್ತದೆ.

ನಮಗೆ ಹತ್ತಿರದ್ದು ತುಂಗಭದ್ರಾ ಎಡದಂಡೆ ಕಾಲುವೆ. ಮುನಿರಾಬಾದಿನಲ್ಲಿ ಬಿಟ್ಟ ನೀರು ಗಂಗಾವತಿ, ಸಿಂಧನೂರು ದಾಟಿ ಮಾನ್ವಿ, ಸಿರವಾರದ ಕಡೆ ಬರಬೇಕು. ನಡುವೆ ಎಲ್ಲೋ ಹೂಳು ತುಂಬಿದರೆ ಅಥವಾ ಗೇಟು ಸರಿಯಾಗಿ ಏಳದಿದ್ದರೆ ಮೇಲೆ ನೀರು ಜಾಸ್ತಿಯಾಗಿ ನಿಲ್ಲುತ್ತದೆ, ಕೊನೆ ಭಾಗದ ಹೊಲ ಒಣಗುತ್ತದೆ. ಒಣಗಿದ್ದು ಸಿರವಾರದಲ್ಲಿ, ರಿಪೇರಿ ಆಗಬೇಕಾದ್ದು ಇನ್ನೆಲ್ಲೋ. ಚೀನೀ ವೈದ್ಯರ ಯೋಚನೆಯೂ ಇದೇ ದಾರಿಯಲ್ಲಿ ಸಾಗುತ್ತದೆ. ಚಿ ಒಂದು ಕಡೆ ಕಟ್ಟಿಕೊಂಡರೆ ನೋವು, ಇನ್ನೊಂದು ಕಡೆ ಕಡಿಮೆಯಾದರೆ ಕಾಯಿಲೆ. ದಾರಿಯುದ್ದಕ್ಕೂ ಇರುವ ಬಿಂದುಗಳೇ ಗೇಟುಗಳು, ಅಲ್ಲಿ ಸೂಜಿ ಹಾಕಿ ಹರಿವನ್ನು ಸರಿ ಮಾಡಬೇಕು. ತಲೆನೋವಿಗೆ ಕೈಯಲ್ಲಿ, ಹೊಟ್ಟೆಯ ತೊಂದರೆಗೆ ಮೊಣಕಾಲ ಕೆಳಗೆ ಸೂಜಿ ಯಾಕೆ ಹಾಕುತ್ತಾರೆ ಎಂಬುದಕ್ಕೆ ಅವರು ಕೊಡುವ ಕಾರಣ ಇದು.

ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಕೊಂಡ ಪಟ್ಟಿಯಲ್ಲಿ ಇಂಥ 361 ಬಿಂದುಗಳಿವೆ. ಪದೇ ಪದೇ ಬಳಸುವುದು ಕೆಲವನ್ನೇ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನದು ಹೆಗು. ಮಣಿಕಟ್ಟಿನ ಒಳಭಾಗದಿಂದ ಮೂರು ಬೆರಳು ಮೇಲೆ, ಎರಡು ನರಗಟ್ಟುಗಳ ನಡುವಿನದು ನೇಗುವಾನ್. ಮೊಣಕಾಲ ಚಿಪ್ಪಿನ ಕೆಳಗೆ, ಮುಂಗಾಲಿನ ಹೊರ ಮಗ್ಗುಲಿನದು ಝುಸಾನ್ಲಿ.

ಆದರೆ ಕಾಲುವೆಯನ್ನು ಕಣ್ಣಿಂದ ನೋಡಬಹುದು, ಅಗೆದು ತೋರಿಸಬಹುದು. ದೇಹವನ್ನು ಕೊಯ್ದು ನೋಡಿದವರಿಗೆ, ಸ್ಕ್ಯಾನ್ ಮಾಡಿದವರಿಗೆ ಮೆರಿಡಿಯನ್ ಎಂಬ ಬೇರೆ ಕೊಳವೆ ಎಲ್ಲೂ ಸಿಕ್ಕಿಲ್ಲ. ರಕ್ತನಾಳ ಇದೆ, ನರ ಇದೆ, ಮಾಂಸಖಂಡ ಇದೆ. ಮೆರಿಡಿಯನ್ ಎಂಬುದು ಸ್ಕ್ಯಾನ್, ಸೂಕ್ಷ್ಮದರ್ಶಕ ಇಲ್ಲದ ಕಾಲದಲ್ಲಿ ದೇಹವನ್ನು ಅರ್ಥ ಮಾಡಿಕೊಳ್ಳಲು ಕಟ್ಟಿದ ನಕ್ಷೆ. ನಕ್ಷೆ ತಪ್ಪಾಗಿದ್ದ ಮಾತ್ರಕ್ಕೆ ಚಿಕಿತ್ಸೆಯೂ ಸುಳ್ಳು ಎಂದು ಹೇಳಲಾಗದು. ಅದನ್ನು ಬೇರೆಯಾಗಿಯೇ ಪರೀಕ್ಷೆ ಮಾಡಿ ನೋಡಬೇಕು.

ಭಾರತಕ್ಕೆ ಬಂದದ್ದು

ಚೀನಾದಲ್ಲೇ ಇದು ಸದಾ ಗೌರವದಲ್ಲಿ ಇರಲಿಲ್ಲ. 1822ರಲ್ಲಿ ಅಲ್ಲಿನ ಚಕ್ರವರ್ತಿ ದಾವೋಗುವಾಂಗ್ ಅರಮನೆಯ ವೈದ್ಯ ಸಂಸ್ಥೆಯಲ್ಲಿ ಅಕ್ಯುಪಂಕ್ಚರ್ ನಿಲ್ಲಿಸಿದ. 1950ರ ದಶಕದಲ್ಲಿ ಕಮ್ಯುನಿಸ್ಟ್ ಸರ್ಕಾರ ಅದನ್ನು ಮತ್ತೆ ಎತ್ತಿ ನಿಲ್ಲಿಸಿತು. ಕೋಟಿಗಟ್ಟಲೆ ಜನರಿಗೆ ಸಾಕಷ್ಟು ವೈದ್ಯರಿಲ್ಲದ ದೇಶಕ್ಕೆ ಅಗ್ಗದ ಚಿಕಿತ್ಸೆ ಬೇಕಿತ್ತು.

ಭಾರತದ ಕತೆಗೆ ನಮ್ಮ ನೆರೆಯ ಸೊಲ್ಲಾಪುರದ ನಂಟಿದೆ. ರಾಯಚೂರಿನಿಂದ ಮುಂಬೈ ರೈಲು ಹತ್ತಿದರೆ ದಾರಿಯಲ್ಲೇ ಸಿಗುವ ಊರು ಅದು. ಅಲ್ಲಿ 1910ರಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನಿಸ್ 1938ರಲ್ಲಿ ಯುದ್ಧದ ಗಾಯಾಳುಗಳ ಸೇವೆಗೆಂದು ಚೀನಾಕ್ಕೆ ಹೋದ ಐವರು ಭಾರತೀಯ ವೈದ್ಯರಲ್ಲಿ ಒಬ್ಬರು. ಅವರು 1942ರಲ್ಲಿ ಅಲ್ಲೇ ತೀರಿಕೊಂಡರು. ಅದೇ ತಂಡದಲ್ಲಿದ್ದ ಡಾ. ಬಿಜೊಯ್ ಕುಮಾರ್ ಬಸು 1950ರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ ಸೂಜಿ ಚಿಕಿತ್ಸೆ ಕಲಿತರು. 1959ರಲ್ಲಿ ಕಲ್ಕತ್ತಾದಲ್ಲಿ ಅದನ್ನು ಶುರು ಮಾಡಿದರು. ಭಾರತದಲ್ಲಿ ಅಕ್ಯುಪಂಕ್ಚರ್ ಬೇರೂರಿದ್ದು ಅವರಿಂದ.

ಪಶ್ಚಿಮದ ದೇಶಗಳಲ್ಲಿ ಇದರ ಹೆಸರು ಹಬ್ಬಿದ್ದು 1971ರಲ್ಲಿ. ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್‌ಗೆ ಬೀಜಿಂಗಿನಲ್ಲಿ ಅಪೆಂಡಿಕ್ಸ್ ಆಪರೇಷನ್ ಆಯಿತು. ಆಮೇಲೆ ಹೊಟ್ಟೆ ಉಬ್ಬರಕ್ಕೆ ಅಲ್ಲಿನ ವೈದ್ಯರು ಸೂಜಿ ಹಾಕಿದರು, ಆರಾಮವಾಯಿತು ಎಂದು ಅವರು ಬರೆದರು. ಈ ಘಟನೆಯನ್ನು ಸೂಜಿಯಿಂದಲೇ ಮರಗಟ್ಟಿಸಿ ಆಪರೇಷನ್ ಮಾಡಿದರು ಎಂದು ಈಗಲೂ ಹೇಳುವವರಿದ್ದಾರೆ. ಅದು ನಿಜ ಅಲ್ಲ. ಆಪರೇಷನ್ ನಡೆದದ್ದು ಮಾಮೂಲಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟೇ.

ದೇಹದೊಳಗೆ ಏನು ನಡೆಯುತ್ತದೆ

ಕಾಲಿಗೆ ಏಟು ಬಿದ್ದ ಕೂಡಲೇ ನಾವು ಅಲ್ಲಿ ಕೈಯಿಂದ ಉಜ್ಜುತ್ತೇವೆ, ಸ್ವಲ್ಪ ಹಾಯೆನಿಸುತ್ತದೆ ಅಲ್ವಾ? ಉಜ್ಜಿದ ಸ್ಪರ್ಶದ ಸುದ್ದಿ ಮತ್ತು ನೋವಿನ ಸುದ್ದಿ ಎರಡೂ ಬೆನ್ನುಹುರಿಯ ಮೂಲಕವೇ ಮೆದುಳಿಗೆ ಹೋಗಬೇಕು. ಸ್ಪರ್ಶದ ಸುದ್ದಿ ನೋವಿನ ಸುದ್ದಿಯನ್ನು ಅಲ್ಲಿ ಭಾಗಶಃ ತಡೆಯುತ್ತದೆ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಈ ವಿವರಣೆ ಕೊಟ್ಟರು. ಸೂಜಿಯೂ ನರಗಳನ್ನು ಕೆಣಕಿ ಇಂಥದ್ದೇ ತಡೆ ತರುತ್ತದೆ ಎಂಬುದು ಒಂದು ಕಾರಣ.

ಎರಡನೆಯದು ದೇಹವೇ ತಯಾರಿಸುವ ನೋವುನಿವಾರಕ, ಎಂಡಾರ್ಫಿನ್. ಇದು ಮಾರ್ಫಿನ್ ಕೆಲಸ ಮಾಡುವ ಜಾಗದಲ್ಲೇ ಕೆಲಸ ಮಾಡುತ್ತದೆ. 1970ರ ದಶಕದಲ್ಲಿ ಸಂಶೋಧಕರು ಒಂದು ಜಾಣ ಪ್ರಯೋಗ ಮಾಡಿದರು. ಮಾರ್ಫಿನ್‌ನ ಪರಿಣಾಮವನ್ನು ಕಟ್ಟಿಹಾಕುವ ನ್ಯಾಲಾಕ್ಸೋನ್ ಎಂಬ ಔಷಧಿ ಕೊಟ್ಟು ಸೂಜಿ ಹಾಕಿದರು. ಆಗ ಸೂಜಿಯಿಂದ ಸಿಗುತ್ತಿದ್ದ ನೋವಿನ ಶಮನವೂ ಕಡಿಮೆಯಾಯಿತು. ಅಂದರೆ ಸೂಜಿ ಎಂಡಾರ್ಫಿನ್ ಬಿಡಿಸುತ್ತಿದೆ ಎಂದು ಊಹಿಸಲು ಕಾರಣ ಸಿಕ್ಕಿತು. 2010ರಲ್ಲಿ ಇಲಿಗಳ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ, ಸೂಜಿ ತಿರುವಿದ ಜಾಗದ ಸುತ್ತ ಅಡೆನೊಸಿನ್ ಎಂಬ ನೋವು ತಗ್ಗಿಸುವ ವಸ್ತು ಹೆಚ್ಚಾದದ್ದು ಕಂಡಿತು.

2021ರ ಒಂದು ಪ್ರಯೋಗ ನನಗೆ ಬಹಳ ಕುತೂಹಲದ್ದು. ಇಲಿಗಳ ಹಿಂಗಾಲಿನಲ್ಲಿ, ಝುಸಾನ್ಲಿ ಇರುವ ಜಾಗದಲ್ಲಿ ಸಣ್ಣ ಕರೆಂಟು ಕೊಟ್ಟಾಗ ದೇಹದ ಉರಿಯೂತ ಇಳಿಯಿತು. ಹೊಟ್ಟೆಯ ಮೇಲೆ ಅಷ್ಟೇ ಕರೆಂಟು ಕೊಟ್ಟಾಗ ಇಳಿಯಲಿಲ್ಲ. ಕಾಲಿನ ಆ ಭಾಗದಲ್ಲಿ ಒಂದು ವಿಶೇಷ ಬಗೆಯ ನರಕೋಶಗಳಿದ್ದವು, ಹೊಟ್ಟೆಯ ಆ ಭಾಗದಲ್ಲಿ ಇರಲಿಲ್ಲ. ಹಳೆಯವರು ಗುರುತಿಸಿದ ಕೆಲವು ಬಿಂದುಗಳ ಕೆಳಗೆ ನಿಜವಾಗ್ಲೂ ಏನೋ ಇದೆ ಎಂಬ ಸುಳಿವು ಇದು. ಆದರೆ ಇಲಿಗೆ ಆದದ್ದೆಲ್ಲ ಮನುಷ್ಯರಿಗೂ ಆಗುತ್ತದೆ ಎಂದು ಹೇಳಲಾಗದು.

ಸುಳ್ಳು ಸೂಜಿಯ ಪರೀಕ್ಷೆ

ಈ ವಿಷಯದಲ್ಲಿ ಒಂದೇ ಒಂದು ಮಾತು ನೆನಪಿಡಬೇಕೆಂದರೆ ಇದನ್ನು ಇಟ್ಟುಕೊಳ್ಳಿ. ಬೆನ್ನುನೋವು ತಾನಾಗಿಯೇ ಏರುತ್ತದೆ, ಇಳಿಯುತ್ತದೆ. ನೋವು ತೀರಾ ಜಾಸ್ತಿಯಾದಾಗ ನಾವು ಚಿಕಿತ್ಸೆಗೆ ಹೋಗುತ್ತೇವೆ. ಹೋಗದಿದ್ದರೂ ಅದು ಮುಂದಿನ ವಾರ ಸ್ವಲ್ಪ ಇಳಿಯುತ್ತಿತ್ತೇನೋ. ಜೊತೆಗೆ ಅರ್ಧ ತಾಸು ಆರಾಮಾಗಿ ಮಲಗಿದ್ದು, ಒಬ್ಬರು ನಮ್ಮ ಮಾತು ಪೂರ್ತಿ ಕೇಳಿಸಿಕೊಂಡದ್ದು, ಗುಣವಾಗುತ್ತದೆ ಎಂಬ ಭರವಸೆ, ಇವೆಲ್ಲ ನೋವನ್ನು ತಗ್ಗಿಸುತ್ತವೆ. ಇದಕ್ಕೆ ಪ್ಲಸೀಬೊ ಪರಿಣಾಮ ಎನ್ನುತ್ತಾರೆ. ಹಾಗೆಂದು ನೋವು ಸುಳ್ಳು ಎಂದಲ್ಲ. ನೋವೂ ನಿಜ, ಇಳಿದದ್ದೂ ನಿಜ. ಆದರೆ ಇಳಿಸಿದ್ದು ಸೂಜಿಯಾ, ಬೇರೆಯದಾ?

ಇದನ್ನು ಪತ್ತೆ ಮಾಡಲು ಸಂಶೋಧಕರು ಸುಳ್ಳು ಸೂಜಿ ಬಳಸುತ್ತಾರೆ. ಒಂದು ಬಗೆಯಲ್ಲಿ ಸೂಜಿಯ ಮೊನೆ ಮೊಂಡಾಗಿರುತ್ತದೆ, ಒತ್ತಿದಾಗ ಹಿಡಿಯೊಳಗೇ ಸರಿಯುತ್ತದೆ, ಚರ್ಮದೊಳಗೆ ಹೋಗುವುದಿಲ್ಲ. ಇನ್ನೊಂದರಲ್ಲಿ ನಿಜವಾದ ಸೂಜಿಯನ್ನೇ ಬಿಂದು ಅಲ್ಲದ ಜಾಗದಲ್ಲಿ, ಮೇಲೆ ಮೇಲೆ ಚುಚ್ಚುತ್ತಾರೆ. ಯಾವುದು ಅಸಲಿ, ಯಾವುದು ಸುಳ್ಳು ಎಂದು ರೋಗಿಗೆ ಹೇಳುವುದಿಲ್ಲ.

2007ರಲ್ಲಿ ಜರ್ಮನಿಯ ದೊಡ್ಡ ಪರೀಕ್ಷೆಯೊಂದರ ಫಲಿತಾಂಶ ಬಂತು. ಬಹಳ ವರ್ಷಗಳ ಸೊಂಟ ನೋವಿದ್ದ 1162 ಜನರನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ಅಸಲಿ ಅಕ್ಯುಪಂಕ್ಚರ್, ಇನ್ನೊಂದಕ್ಕೆ ಸುಳ್ಳು ಸೂಜಿ, ಮೂರನೆಯದಕ್ಕೆ ಗುಳಿಗೆ, ವ್ಯಾಯಾಮ, ಫಿಸಿಯೋಥೆರಪಿಯ ಮಾಮೂಲಿ ಚಿಕಿತ್ಸೆ. ಆರು ತಿಂಗಳಾದ ಮೇಲೆ ನೋಡಿದರೆ ಅಸಲಿ ಸೂಜಿಯವರಲ್ಲಿ 47.6% ಜನ ಚೇತರಿಸಿಕೊಂಡಿದ್ದರು. ಸುಳ್ಳು ಸೂಜಿಯವರಲ್ಲಿ 44.2%. ಮಾಮೂಲಿ ಚಿಕಿತ್ಸೆಯವರಲ್ಲಿ ಬರೀ 27.4%.

ಈ ಮೂರು ಅಂಕಿಗಳನ್ನು ನಿಧಾನವಾಗಿ ನೋಡಿ. ಸೂಜಿ ಹಾಕಿಸಿಕೊಂಡವರು ಹಾಕಿಸಿಕೊಳ್ಳದವರಿಗಿಂತ ಎಷ್ಟೋ ಚೆನ್ನಾಗಿದ್ದರು. ಆದರೆ ಸೂಜಿ ಎಲ್ಲಿ ಹಾಕಿದರು ಎಂಬುದರಿಂದ ಹೆಚ್ಚು ವ್ಯತ್ಯಾಸ ಬರಲಿಲ್ಲ. ಒಪ್ಪುವವರು ಮೊದಲ ಸಾಲು ಓದಿ ಹೇಳುತ್ತಾರೆ, ವಿರೋಧಿಸುವವರು ಎರಡನೆಯದನ್ನು. ಎರಡೂ ಒಂದೇ ಪರೀಕ್ಷೆಯ ಮಾತು.

ಹಾಗಾದರೆ ಇದು ಬರೀ ಭರವಸೆಯ ಫಲವಾ? ಪೂರ್ತಿ ಅಲ್ಲ. 2018ರಲ್ಲಿ 39 ಪರೀಕ್ಷೆಗಳ 20,827 ರೋಗಿಗಳ ಮಾಹಿತಿ ಒಟ್ಟುಗೂಡಿಸಿ ನೋಡಿದಾಗ ಅಸಲಿ ಸೂಜಿ ಸುಳ್ಳು ಸೂಜಿಗಿಂತ ಸ್ವಲ್ಪ ಮುಂದಿತ್ತು. ಅಂತರ ಸಣ್ಣದು, ಆದರೆ ಇದೆ. ಸಿಕ್ಕ ಆರಾಮದ ಬಹುಪಾಲು ಒಂದು ವರ್ಷದ ನಂತರವೂ ಉಳಿದಿತ್ತು. ಬೇರೆ ಜಾಗಕ್ಕೆ ಚುಚ್ಚಿದ ಸುಳ್ಳು ಸೂಜಿಯೂ ಚರ್ಮ, ನರವನ್ನು ಕೆಣಕುತ್ತದೆ, ಅದನ್ನು ಏನೂ ಮಾಡದ ಚಿಕಿತ್ಸೆ ಎಂದು ಎಣಿಸಲಾಗದು ಎಂಬ ವಾದವೂ ಇದೆ. ಅದರಲ್ಲಿ ಹುರುಳಿದೆ.

ಯಾವುದಕ್ಕೆ ಹಾಕಿಸಬಹುದು

ಬಹಳ ದಿನದ ಸೊಂಟ ನೋವಿಗೆ. ಡಿಸೆಂಬರ್ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ಸೊಂಟ ನೋವಿಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ಸೂಜಿ ಚಿಕಿತ್ಸೆಯನ್ನೂ ಸೇರಿಸಿದೆ. ಅಮೆರಿಕದಲ್ಲಿ ಹಿರಿಯರ ಸರ್ಕಾರಿ ವಿಮೆ 2020ರಿಂದ ಇದರ ಖರ್ಚು ಕೊಡುತ್ತಿದೆ, ಮೊದಲ 90 ದಿನದಲ್ಲಿ 12 ಸಲದವರೆಗೆ. ಆದರೆ ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ 2016ರಲ್ಲಿ ಸೊಂಟ ನೋವಿಗೆ ಇದು ಬೇಡ ಎಂದಿತು. ಅದೇ ಸಂಸ್ಥೆ 2021ರಲ್ಲಿ ಬೇರೆ ಕಾರಣ ಸಿಗದ ದೀರ್ಘಕಾಲದ ನೋವಿಗೆ ಕೊಟ್ಟು ನೋಡಬಹುದು ಎಂದಿತು. ತಜ್ಞರ ನಡುವೆಯೇ ಹೀಗೆ ಒಮ್ಮತ ಇಲ್ಲದಿರುವುದಕ್ಕೆ ಕಾರಣ ಮೇಲೆ ಹೇಳಿದ ಆ ಮೂರು ಅಂಕಿಗಳೇ. ಸುಳ್ಳು ಸೂಜಿಗಿಂತ ಎಷ್ಟು ಮುಂದಿದೆ ಎಂದು ನೋಡುವವರು ಬೇಡ ಎನ್ನುತ್ತಾರೆ, ರೋಗಿಗೆ ಒಟ್ಟು ಎಷ್ಟು ಆರಾಮವಾಯಿತು ಎಂದು ನೋಡುವವರು ಇರಲಿ ಎನ್ನುತ್ತಾರೆ.

ಮೈಗ್ರೇನ್ ತಲೆನೋವು ಪದೇ ಪದೇ ಬಾರದಂತೆ ತಡೆಯಲು. 2016ರಲ್ಲಿ 22 ಪರೀಕ್ಷೆಗಳನ್ನು ಒಟ್ಟಿಗೆ ನೋಡಿದಾಗ, ಅಸಲಿ ಸೂಜಿ ಹಾಕಿಸಿಕೊಂಡ 100 ಜನರಲ್ಲಿ 50 ಮಂದಿಗೆ ತಲೆನೋವು ಬರುವ ದಿನಗಳು ಅರ್ಧಕ್ಕೆ ಇಳಿದಿದ್ದವು. ಸುಳ್ಳು ಸೂಜಿಯವರಲ್ಲಿ ಅದು 41.

ಮೊಣಕಾಲ ಸವೆತದ ನೋವಿಗೆ ಆರಾಮ ಸಿಗಬಹುದು, ಆದರೆ ಇಲ್ಲಿಯೂ ಅಸಲಿಗೂ ಸುಳ್ಳಿಗೂ ಅಂತರ ಸಣ್ಣದೇ. ಸವೆದ ಮೃದ್ವಸ್ಥಿಯನ್ನು ಸೂಜಿ ಮತ್ತೆ ಬೆಳೆಸುವುದಿಲ್ಲ. ತೊಡೆಯ ಮುಂಭಾಗದ ಮಾಂಸಖಂಡ ಗಟ್ಟಿ ಮಾಡುವ ವ್ಯಾಯಾಮ, ತೂಕ ಇಳಿಸುವುದು ಇವುಗಳಿಗೆ ಹೆಚ್ಚು ಬಲವಾದ ಆಧಾರವಿದೆ.

ಆಪರೇಷನ್ ಆದ ಮೇಲಿನ ವಾಕರಿಕೆ, ವಾಂತಿಗೆ ನೇಗುವಾನ್ ಬಿಂದು ಉಪಯೋಗ ಎಂಬುದಕ್ಕೆ ಒಳ್ಳೆಯ ಪುರಾವೆ ಇದೆ. ಅಲ್ಲಿ ಸೂಜಿಯೇ ಬೇಕೆಂದಿಲ್ಲ, ಹೆಬ್ಬೆರಳಲ್ಲಿ ಒತ್ತಿದರೂ ಆಗುತ್ತದೆ.

ಯಾವುದಕ್ಕೆ ನಂಬಬಾರದು

ಶುಗರ್, ಬಿಪಿ, ಥೈರಾಯ್ಡ್, ಕಿಡ್ನಿ ಕಾಯಿಲೆ, ಕ್ಯಾನ್ಸರ್ ಸೂಜಿಯಿಂದ ಗುಣವಾಗುವುದಿಲ್ಲ. ಕ್ಯಾನ್ಸರ್ ರೋಗಿಗೆ ಕೀಮೋ ವಾಂತಿ ತಗ್ಗಿಸಲು ಬಳಸುವುದು ಬೇರೆ, ಗಡ್ಡೆ ಕರಗಿಸುತ್ತೇವೆ ಎನ್ನುವುದು ಬೇರೆ. ಇನ್ಸುಲಿನ್ ಅಥವಾ ಬಿಪಿ ಗುಳಿಗೆ ಬಿಡಿ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಮಕ್ಕಳಾಗಲು ಎಂಬ ಮಾತನ್ನೂ ಪರೀಕ್ಷೆ ಮಾಡಿದ್ದಾರೆ. 2017ರಲ್ಲಿ ಚೀನಾದಲ್ಲೇ, ಪಿಸಿಒಎಸ್ (ಹಾರ್ಮೋನ್ ಏರುಪೇರಿನಿಂದ ಮುಟ್ಟು ತಪ್ಪುವ ತೊಂದರೆ) ಇದ್ದ 1000 ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ ಸೂಜಿಯಿಂದ ಹೆರಿಗೆಗಳ ಸಂಖ್ಯೆ ಹೆಚ್ಚಾಗಲಿಲ್ಲ. 2018ರಲ್ಲಿ ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಮಾಡಿಸಿಕೊಳ್ಳುತ್ತಿದ್ದವರ ಮೇಲೆ ನಡೆದ ಇನ್ನೊಂದು ದೊಡ್ಡ ಅಧ್ಯಯನವೂ ಹಾಗೇ ಮುಗಿಯಿತು. ಮಗುವಿಗಾಗಿ ಕಾದವರಿಗೆ ವರ್ಷಗಳು ಬೆಲೆಬಾಳುವಂಥವು. ಅವನ್ನು ಸುಮ್ನೆ ಕಳೆಯಬಾರದು.

ಲಕ್ವದ ಬಗ್ಗೆ ಗಟ್ಟಿಯಾಗಿಯೇ ಹೇಳಬೇಕು. ನಮ್ಮ ಕಡೆ ಲಕ್ವ ಹೊಡೆದರೆ ಮೊದಲು ನಾಟಿ ಔಷಧಿ, ಎಣ್ಣೆ, ಸೂಜಿ ಎಂದು ಓಡುವವರು ಇನ್ನೂ ಇದ್ದಾರೆ. ಲಕ್ವ ಎಂದರೆ ಮೆದುಳಿನ ರಕ್ತನಾಳ ಕಟ್ಟಿದೆ ಅಥವಾ ಒಡೆದಿದೆ ಎಂದು ಅರ್ಥ. ಕಟ್ಟಿದ್ದರೆ ಗರಣೆ ಕರಗಿಸುವ ಇಂಜೆಕ್ಷನ್ ಇದೆ, ಅದನ್ನು ಲಕ್ವ ಶುರುವಾದ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಕಟ್ಟಿದೆಯೋ ಒಡೆದಿದೆಯೋ ಎಂದು ತಿಳಿಯಲು ಸಿ.ಟಿ. ಸ್ಕ್ಯಾನ್ ಬೇಕು. ಬಾಯಿ ಸೊಟ್ಟಗಾದರೆ, ಒಂದು ಕೈ ಏಳದಿದ್ದರೆ, ಮಾತು ತೊದಲಿದರೆ 108ಕ್ಕೆ ಫೋನ್ ಮಾಡಿ ಸ್ಕ್ಯಾನ್ ಇರುವ ದೊಡ್ಡ ದವಾಖಾನೆಗೆ ಹೋಗಿ. ಆಮೇಲಿನ ತಿಂಗಳುಗಳಲ್ಲಿ ಕೈಕಾಲು ಚೇತರಿಸಿಕೊಳ್ಳಲು ಫಿಸಿಯೋಥೆರಪಿ ಮುಖ್ಯ. ಸೂಜಿಯಿಂದ ಹೆಚ್ಚಿನ ಲಾಭವಿದೆ ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ.

ನೋವಿನ ಮೂಲ ನೀರಿನಲ್ಲಿದ್ದರೆ

ಇದು ನಮ್ಮ ಭಾಗಕ್ಕೇ ಸೇರಿದ ಮಾತು. ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಹಲವು ಹಳ್ಳಿಗಳಲ್ಲಿ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ವರ್ಷಗಟ್ಟಲೆ ಅದಕ್ಕಿಂತ ಹೆಚ್ಚು ಫ್ಲೋರೈಡ್ ದೇಹಕ್ಕೆ ಹೋದರೆ ಮೂಳೆಯಲ್ಲಿ ಕೂಡಿಕೊಳ್ಳುತ್ತದೆ. ಬೆನ್ನು ಬಿಗಿಯುತ್ತದೆ, ಕತ್ತು ತಿರುಗಿಸಲು ಆಗುವುದಿಲ್ಲ, ಮೊಣಕಾಲು ಮಡಚುವುದು ಕಷ್ಟವಾಗುತ್ತದೆ. ಇಂಥವರಿಗೆ ಸೂಜಿ ಹಾಕಿದರೆ ನಾಲ್ಕು ದಿನ ನೋವು ತಗ್ಗಬಹುದು. ಆದರೆ ಮೂಳೆಯಲ್ಲಿರುವ ಫ್ಲೋರೈಡನ್ನು ಸೂಜಿ ತೆಗೆಯುವುದಿಲ್ಲ, ಅದೇ ನೀರು ಕುಡಿದರೆ ಕಾಯಿಲೆ ಬೆಳೆಯುತ್ತಲೇ ಹೋಗುತ್ತದೆ.

ಒಂದೇ ಓಣಿಯಲ್ಲಿ ಬಹಳ ಜನಕ್ಕೆ ಬೆನ್ನು, ಮೊಣಕಾಲು ಬಿಗಿತ ಇದ್ದರೆ, ಮಕ್ಕಳ ಹಲ್ಲಿನ ಮೇಲೆ ಹಳದಿ ಅಥವಾ ಕಂದು ಗೆರೆ ಕಂಡರೆ, ಮೊದಲು ನೀರು ಪರೀಕ್ಷೆ ಮಾಡಿಸಿ. ಗ್ರಾಮ ಪಂಚಾಯಿತಿಯಲ್ಲಿ ಕೇಳಿ, ಜಿಲ್ಲಾ ಮಟ್ಟದಲ್ಲಿ ನೀರು ಪರೀಕ್ಷೆಯ ಪ್ರಯೋಗಾಲಯವೂ ಇದೆ. ಸೂಜಿಯ ಖರ್ಚಿಗಿಂತ ಮೊದಲು ಆಗಬೇಕಾದ ಕೆಲಸ ಇದು.

ಬೆನ್ನುನೋವಿನ ಜೊತೆ ಸಂಜೆ ಜ್ವರ, ತೂಕ ಇಳಿಯುವುದು ಇದ್ದರೆ ಬೆನ್ನುಮೂಳೆಯ ಟಿಬಿ ಇರಬಹುದು. ಮೂತ್ರ ಹತೋಟಿ ತಪ್ಪಿದರೆ, ತೊಡೆಯ ಸಂದಿ ಮರಗಟ್ಟಿದರೆ ನರ ಒತ್ತಿಕೊಂಡಿರಬಹುದು, ಅವತ್ತೇ ದವಾಖಾನೆಗೆ ಹೋಗಬೇಕು. ನೋವಿಗೆ ಕಾರಣ ಏನು ಎಂದು ಒಬ್ಬ ವೈದ್ಯರು ನೋಡಿದ ಮೇಲೆಯೇ ಸೂಜಿಯ ಮಾತು.

ಅಪಾಯ ಎಷ್ಟು

ತರಬೇತಿ ಇರುವವರು ಹೊಸ ಸೂಜಿಯಲ್ಲಿ ಮಾಡಿದರೆ ಅಪಾಯ ಕಡಿಮೆ. ಜರ್ಮನಿಯಲ್ಲಿ 2,29,230 ರೋಗಿಗಳು ಸುಮಾರು 22 ಲಕ್ಷ ಸಲ ಸೂಜಿ ಹಾಕಿಸಿಕೊಂಡದ್ದರ ದಾಖಲೆ ಇಟ್ಟಿದ್ದರು. ಅವರಲ್ಲಿ 8.6% ಜನರಿಗೆ ಏನಾದರೊಂದು ತೊಂದರೆ ಆಗಿತ್ತು. ಹೆಚ್ಚಿನವು ಸಣ್ಣ ರಕ್ತಸ್ರಾವ, ಚರ್ಮ ಕಪ್ಪುಗಟ್ಟುವುದು, ನೋವು. ಇಬ್ಬರಿಗೆ ಮಾತ್ರ ಶ್ವಾಸಕೋಶಕ್ಕೆ ಸೂಜಿ ತಾಗಿ ಎದೆಯೊಳಗೆ ಗಾಳಿ ತುಂಬಿತ್ತು.

ಆದರೆ ಆ ಅಂಕಿಗಳು ತರಬೇತಿ ಪಡೆದ ವೈದ್ಯರದ್ದು. ಒಬ್ಬರಿಗೆ ಬಳಸಿದ ಸೂಜಿ ಇನ್ನೊಬ್ಬರಿಗೆ ಹಾಕಿದರೆ ಹೆಪಟೈಟಿಸ್ ಬಿ, ಸಿ ಹರಡಬಹುದು. ಸ್ಪಿರಿಟಿನಲ್ಲಿ ಒರೆಸಿದರೆ ಸಾಕು ಎನ್ನುವವರನ್ನು ನಂಬಬೇಡಿ. ಮುಚ್ಚಿದ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಬಿಚ್ಚಬೇಕು. ಬಳಸಿದ ಸೂಜಿ ಚುಚ್ಚಿ ಹೊರಬಾರದ ಬಿಳಿ ಡಬ್ಬಿಗೆ ಹೋಗಬೇಕು, ಅದು ವೈದ್ಯಕೀಯ ತ್ಯಾಜ್ಯದ ನಿಯಮ.

ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುವವರು, ಗರ್ಭಿಣಿಯರು ಮೊದಲೇ ಹೇಳಬೇಕು. ಪೇಸ್‌ಮೇಕರ್ ಇದ್ದವರಿಗೆ ಕರೆಂಟಿನ ಸೂಜಿ ಬೇಡ. ಬಹಳ ವರ್ಷದ ಶುಗರ್ ಇದ್ದು ಪಾದದ ಸ್ಪರ್ಶ ಹೋದವರು ಪಾದಕ್ಕೆ ಸೂಜಿ ಹಾಕಿಸುವ ಮೊದಲು ತಮ್ಮ ಶುಗರ್ ಡಾಕ್ಟರನ್ನು ಕೇಳಬೇಕು, ಅಲ್ಲಿ ಸಣ್ಣ ಗಾಯವೂ ಕೀವಾಗಬಹುದು. ಇನ್ನೊಂದು ಸಣ್ಣ ಮಾತು: ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬರುವವರು ಹಸಿದ ಹೊಟ್ಟೆಯಲ್ಲೇ ಬಂದುಬಿಡುತ್ತಾರೆ. ಆಗ ತಲೆ ಸುತ್ತಿ ಬೀಳುವ ಸಂಭವ ಜಾಸ್ತಿ. ನಾಷ್ಟಾ ಮಾಡಿ ಹೋಗಿ, ಮಲಗಿಕೊಂಡೇ ಹಾಕಿಸಿಕೊಳ್ಳಿ.

ಯಾರ ಹತ್ತಿರ ಹೋಗಬೇಕು

ಕೇಂದ್ರ ಆರೋಗ್ಯ ಸಚಿವಾಲಯ 2003ರಲ್ಲಿ ಅಕ್ಯುಪಂಕ್ಚರ್ ಅನ್ನು ಒಂದು ಚಿಕಿತ್ಸಾ ವಿಧಾನವೆಂದು ಒಪ್ಪಿತು. 2019ರಲ್ಲಿ ಸ್ವತಂತ್ರ ಪದ್ಧತಿ ಎಂದು ಮಾನ್ಯ ಮಾಡಿತು. ಪಶ್ಚಿಮ ಬಂಗಾಳ ಮತ್ತು ಮಹಾರಾಷ್ಟ್ರದಲ್ಲಿ ಇದಕ್ಕೇ ಪ್ರತ್ಯೇಕ ಕಾನೂನು ಇದೆ. ಕರ್ನಾಟಕದಲ್ಲಿ ಬಿ.ಎನ್.ವೈ.ಎಸ್. ಓದಿದ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವೈದ್ಯರಿಗೆ ಪದವಿಯ ಪಠ್ಯದಲ್ಲೇ ಅಕ್ಯುಪಂಕ್ಚರ್ ಇರುತ್ತದೆ. ಅಂಗರಚನೆ ಓದಿದವರಿಗೆ ಎದೆಗೂಡಿನ ಹತ್ತಿರ ಸೂಜಿ ಎಷ್ಟು ಆಳ ಹೋಗಬಾರದು ಎಂದು ಗೊತ್ತಿರುತ್ತದೆ. ಕೆಲವೇ ದಿನದ ಕೋರ್ಸ್ ಮಾಡಿ ಗೋಡೆಗೆ ಪ್ರಮಾಣಪತ್ರ ತೂಗುಹಾಕಿದವರಿಗೆ ಅದು ಗೊತ್ತಿರುತ್ತದೆ ಎಂದು ನಂಬಲಾಗದು.

ಖಾಸಗಿ ಕ್ಲಿನಿಕ್ಕುಗಳು ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಣಿ ಮಾಡಿಸಿ, ಆ ಪತ್ರವನ್ನು ಕಾಣುವ ಹಾಗೆ ಹಾಕಿರಬೇಕು. ಅದನ್ನು ನೋಡಿ. ಅನುಮಾನ ಬಂದರೆ ಜಿಲ್ಲಾ ಆಯುಷ್ ಕಚೇರಿಯಲ್ಲಿ ವಿಚಾರಿಸಿ. ಏನು ಓದಿದ್ದೀರಿ, ಒಟ್ಟು ಎಷ್ಟು ಸಲ ಬರಬೇಕು, ಎಲ್ಲ ಸೇರಿ ಎಷ್ಟು ಖರ್ಚು ಎಂದು ಮೊದಲ ದಿನವೇ ಕೇಳಿ. ಕೇಳಿದ್ದಕ್ಕೆ ಸಿಟ್ಟು ಮಾಡಿಕೊಳ್ಳುವ ಕಡೆ ಹಾಕಿಸಬೇಡಿ. ಇಡೀ ಪ್ಯಾಕೇಜಿನ ದುಡ್ಡು ಒಂದೇ ಸಲ ಕಟ್ಟಬೇಡಿ. ಐದಾರು ಸಲ ಹಾಕಿಸಿದ ಮೇಲೂ ನಡೆಯುವುದು, ಬಗ್ಗುವುದು, ನಿದ್ದೆ ಯಾವುದರಲ್ಲೂ ಫರಕು ಕಾಣದಿದ್ದರೆ ಅಲ್ಲಿಗೆ ನಿಲ್ಲಿಸಬಹುದು.

ಬೆನ್ನಿಗೋ ಭುಜಕ್ಕೋ ಸೂಜಿ ಹಾಕಿಸಿಕೊಂಡು ಬಂದ ಮೇಲೆ ಉಸಿರಾಡಲು ಕಷ್ಟವಾದರೆ, ಎದೆಯ ಒಂದು ಬದಿ ಚುಚ್ಚಿ ನೋಯುತ್ತಿದ್ದರೆ ನಾಳೆ ನೋಡೋಣ ಎನ್ನಬೇಡಿ. ಅದು ಕೆಲವು ತಾಸು ಕಳೆದ ಮೇಲೂ ಶುರುವಾಗಬಹುದು. ಕೂಡಲೇ ದವಾಖಾನೆಗೆ ಹೋಗಿ, ಇವತ್ತು ಸೂಜಿ ಹಾಕಿಸಿಕೊಂಡಿದ್ದೇನೆ ಎಂದು ಡಾಕ್ಟರಿಗೆ ಹೇಳಿ. ಒಂದು ಎಕ್ಸ್‌ರೇಯಲ್ಲಿ ಗೊತ್ತಾಗುತ್ತದೆ.